ಗುಂಟೂರಿನ ಲಾರಿ ಬರುವ ಮುಂಚೆ

ಸಂಕ್ರಾಂತಿ ಕಳೆದರೆ ನಮ್ಮ ಕಡೆಯ ಊರುಗಳು ಅರ್ಧ ಖಾಲಿಯಾಗುತ್ತವೆ. ಹತ್ತಿ ಬಿಡಿಸಿ ಮುಗಿದಿರುತ್ತದೆ, ಮಳೆಯನ್ನೇ ನಂಬಿದ ಹೊಲದಲ್ಲಿ ಮತ್ತೇನೂ ಕೆಲಸವಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಪಾತ್ರೆ ಪಗಡ ಗಂಟು ಕಟ್ಟಿಕೊಂಡು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಲಾರಿ ಹತ್ತುತ್ತಾರೆ. ಇದಕ್ಕೆ ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ಯುಗಾದಿಯ ಹೊತ್ತಿಗೆ ಅದೇ ಲಾರಿಗಳು ಮೆಣಸಿನ ಘಾಟು ಹೊತ್ತುಕೊಂಡು ತಿರುಗಿ ಬರುತ್ತವೆ. ಅಲ್ಲಿಯವರೆಗೆ ಊರಲ್ಲಿ ಉಳಿಯುವವರು ವಯಸ್ಸಾದವರು, ಮಕ್ಕಳು, ಕುರಿ ಕಾಯುವವರು ಮತ್ತು ನನ್ನ ವಿದ್ಯಾರ್ಥಿನಿಯರು.

ನಾನು ಆಂಧ್ರದ ಗಡಿನಾಡಿನ ಆದೋನಿಯಿಂದ ಬಸ್ಸಿನಲ್ಲಿ ಹಾಲಹರವಿ ಕಡೆಯ ಒಂದು ಊರಿಗೆ ಹೋಗಿ ದೊಡ್ಡ ಹೆಂಗಸರಿಗೆ ಕನ್ನಡ ಅಕ್ಷರ ಕಲಿಸುತ್ತೇನೆ. ಗುಡಿಯ ಪಡಸಾಲೆಯೇ ನಮ್ಮ ಶಾಲೆ. ಮಾತು ಮೊದಲು, ಅಕ್ಷರ ಆಮೇಲೆ ಎಂಬುದು ನಮ್ಮ ಕ್ರಮ. ನೀರಿನ ಚಿತ್ರ ತೋರಿಸಿ, ಊರಿನ ನೀರಿನ ಜಗಳಗಳನ್ನೆಲ್ಲ ಮಾತಾಡಿಸಿದ ಮೇಲೆಯೇ ಬೋರ್ಡಿನ ಮೇಲೆ ‘ನೀರು’ ಎಂದು ಬರೆಯುವುದು. ಇದರ ಜೊತೆಗೆ ಒಂದು ಆಟವೂ ಉಂಟು. ಒಬ್ಬಾಕೆ ಬ್ಯಾಂಕಿನ ಮೇಡಮ್ಮಾಗಿ ಮುಖ ಗಂಟು ಹಾಕಿಕೊಂಡು ಕೂರಬೇಕು, ಇನ್ನೊಬ್ಬಾಕೆ ಎದುರು ನಿಂತು ಅಂಜದೆ ಮಾತಾಡಬೇಕು. ಹಾಗೆಯೇ ಆಸ್ಪತ್ರೆಯ ಆಟ, ಕಂಡಕ್ಟರನ ಆಟ. ನಮ್ಮವರು ಇದರಲ್ಲಿ ಎಷ್ಟು ಪಳಗಿದ್ದರೆಂದರೆ, ನಿಜವಾದ ಕಂಡಕ್ಟರೇ ಅವರನ್ನು ಕಂಡರೆ ತಗ್ಗಿ ಮಾತಾಡುತ್ತಿದ್ದ.

ತರಗತಿಯ ತಲೆಹರಟೆ ಒಬ್ಬ ಅಜ್ಜಿ. ಮೊದಲ ದಿನವೇ ನನ್ನನ್ನು ತಡೆದಿದ್ದಳು. “ಅ ಅಂದ್ರ ಅರಸ ಅಂತೀಯಲ್ಲ ಟೀಚರಮ್ಮ, ಈ ಊರಾಗ ಯಾವ ಅರಸ ಅದಾನ? ಅ ಅಂದ್ರ ಅತ್ತಿ ಅನ್ನು. ಮನಿಗೊಬ್ಬಾಕಿ ಅದಾಳ.” ಅಂದಿನಿಂದ ನಮ್ಮಲ್ಲಿ ಅ ಎಂದರೆ ಅತ್ತೆಯೇ. ಹಾಗೆ ನೋಡಿದರೆ ಅವಳು ಅತ್ತೆಯಾಗಿದ್ದುದು ಸ್ವಂತ ತಮ್ಮನ ಮಗಳಿಗೆ. ಎತ್ತಿ ಆಡಿಸಿದ ಹುಡುಗಿಯನ್ನೇ ಸೊಸೆಯಾಗಿ ತಂದುಕೊಂಡಿದ್ದಳು. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುವುದನ್ನು ನಾನೇ ನೋಡಿದ್ದೇನೆ.

ಆ ಸೊಸೆ ಸಂಕ್ರಾಂತಿಗೆ ಮುಂಚೆ ಕಾಮಾಲೆಯಾಗಿ ತೀರಿಕೊಂಡಳು. ಶಾಲೆಯ ಮೆಟ್ಟಿಲು ಆಗ ತಾನೇ ಹತ್ತಿದ್ದ ಒಬ್ಬ ಮಗಳಿದ್ದಳು. ತಾಯಿಯ ಜಡ್ಡು ಹೆಚ್ಚಾದಾಗ ಮಗುವನ್ನು ದೇವನಕೊಂಡದ ನೆಂಟರ ಮನೆಗೆ ಕಳಿಸಿದ್ದರು. ಮಣ್ಣಿಗೆ ಮಕ್ಕಳನ್ನು ಕರೆದೊಯ್ಯುವ ಪದ್ಧತಿ ಇಲ್ಲವೆಂದು ಸುದ್ದಿಯನ್ನೂ ಮುಟ್ಟಿಸಲಿಲ್ಲ. ಕರ್ಮಗಳು ಮುಗಿದದ್ದೇ ತಡ, ಅಜ್ಜಿಯ ಮಗ ಯಾರೊಂದಿಗೂ ಮಾತಾಡದೆ ಕೊನೆಯ ಲಾರಿ ಹತ್ತಿ ಸುಗ್ಗಿಗೆ ಹೋಗಿಬಿಟ್ಟ. ಮಗು ತಿರುಗಿ ಬಂದು “ಅವ್ವ ಎಲ್ಲಿ?” ಎಂದಾಗ ಯಾರೋ ಪುಣ್ಯಾತ್ಮರು “ಅಪ್ಪನ ಕೂಡ ಸುಗ್ಗಿಗೆ ಹೋಗ್ಯಾಳ” ಎಂದರು. ಊರಿನ ಅರ್ಧ ಮಕ್ಕಳ ತಾಯಂದಿರು ಸುಗ್ಗಿಗೆ ಹೋಗಿದ್ದರಾದ್ದರಿಂದ ಮಗು ನಂಬಿತು. ಊರೆಲ್ಲ ಅದನ್ನೇ ಹೇಳತೊಡಗಿತು.

ಅಜ್ಜಿ ತರಗತಿಗೆ ಮತ್ತೆ ಬಂದಳು, ಆದರೆ ಕಂಬಕ್ಕೆ ಒರಗಿ ಸುಮ್ಮನೆ ಕೂರುತ್ತಿದ್ದಳು. ನನಗೆ ಸುಗ್ಗಿಯ ಸುಳ್ಳು ಗೊತ್ತಾದದ್ದು ಮಗುವಿನಿಂದಲೇ. ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತಿತು.

“ಟೀಚರಮ್ಮ, ನೀ ಬರೋ ದಾರಿಯಾಗ ಗುಂಟೂರು ಬರ್ತೈತೇನು?”

“ಇಲ್ಲ ಕಂದಾ, ಅದು ದೂರ.”

“ಲಾರಿ ಬಂದ್ರ ನಮ್ಮವ್ವ ಬರ್ತಾಳ. ಅಪ್ಪಗ ಫೋನ್ ಮಾಡಿ ಅವ್ವಗ ಕೊಡು ಅಂದ್ರ, ಪನಿಗಿ ಹೋಗ್ಯಾಳ, ಕೆಲಸದಾಗ ಅದಾಳ ಅಂತಾನ. ಯಾವಾಗ ಕೇಳಿದ್ರೂ ಪನಿ, ಪನಿ.”

ಬಸ್ಸು ಬಂತು, ನಾನು ಹತ್ತಲಿಲ್ಲ. ನೇರವಾಗಿ ಅಜ್ಜಿಯ ಮನೆಗೆ ನಡೆದೆ. ನನಗೆ ಸಿಟ್ಟು ಬಂದಿತ್ತು, ಬಂದರೆ ಮುಚ್ಚಿಡುವ ಜಾಯಮಾನ ನನ್ನದಲ್ಲ. “ಅಜ್ಜೀ, ಲಾರಿ ಬಂದ ದಿನ ಏನು ಮಾಡ್ತೀರಿ? ನಿಮ್ಮ ಮಗ ಒಬ್ಬನೇ ಇಳೀತಾನಲ್ಲ, ಆಗ ಈ ಮಗುವಿಗೆ ಏನು ಹೇಳ್ತೀರಿ?” ಎಂದು ಕೇಳಿದೆ.

ಅಜ್ಜಿ ಒಲೆಯ ಮುಂದೆ ಕುಳಿತಿದ್ದಳು. “ದಿನಾ ಹೇಳಬೇಕು ಅಂತೀನವ್ವ. ಬಾಯಿ ತಗದ್ರ ಅಳು ಬರ್ತೈತಿ, ಮಾತು ಬರಾಂಗಿಲ್ಲ. ಬ್ಯಾಂಕಿನಾಗ ಮಾತಾಡಾಕ ಕಲಿಸೀದಿ, ದವಾಖಾನಿಯಾಗ ಮಾತಾಡಾಕ ಕಲಿಸೀದಿ. ಇದನ್ನ ಕಲಿಸ್ತೀಯೇನು?”

ಆಗಲಿ ಎಂದುಬಿಟ್ಟೆ. ಹೇಗೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ನನ್ನ ಕ್ರಮದಂತೆಯೇ ಹೊರಟೆ. ಸಾವಿನ ಚಿತ್ರವೆಂಬುದು ನಮ್ಮ ಚಿತ್ರಗಳ ಕಟ್ಟಿನಲ್ಲಿ ಇರಲಿಲ್ಲ. ಹಾಗಾಗಿ ಮಾತಿಗೆ ಮೊದಲೇ ದೊಡ್ಡ ಅಕ್ಷರದಲ್ಲಿ ‘ಸಾವು’ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದೆ. ಅಷ್ಟರಲ್ಲಿ ಸಾಹುಕಾರ್ತಿ ಎದ್ದು ಬಂದಾಗಿತ್ತು. ಹತ್ತಿ ವ್ಯಾಪಾರದ ಮನೆಯ ಹಿರಿಯಾಕೆ, ಹಣೆತುಂಬ ವಿಭೂತಿ, ಗಂಡನನ್ನು ಕಳೆದುಕೊಂಡ ಮೇಲೆ ಓದು ಕಲಿಯಬೇಕೆಂದು ಬಂದವರು. ಸೆರಗಿನ ತುದಿಯಿಂದ ಬೋರ್ಡನ್ನು ಗಸಗಸ ಒರೆಸಿಬಿಟ್ಟರು.

“ಬುದ್ಧಿ ಐತೇನವ್ವ ನಿನಗ? ದೀಪ ಹಚ್ಚೋ ಹೊತ್ತು. ದೇವರ ಎದುರಿಗಿ. ಇದನ್ನ ಬರದು ಒದರಾಕ ಹಚ್ಚೀದಿ!”

ಎಲ್ಲರೂ ಎದ್ದು ಸೆರಗು ಕೊಡವಿಕೊಂಡು ಹೊರಟರು. ಅಜ್ಜಿಯೂ ಹೊರಟಳು. ಖಾಲಿ ಪಡಸಾಲೆಯಲ್ಲಿ ನಾನೂ ಸೀಮೆಸುಣ್ಣವೂ ಉಳಿದೆವು. ಬಸ್ಸಿನಲ್ಲಿ ಕುಳಿತು ಆದೋನಿಯವರೆಗೂ ಸಾಹುಕಾರ್ತಿಯನ್ನು ಮನಸ್ಸಿನಲ್ಲೇ ಬೈದೆ. ಊರು ಮುಟ್ಟುವ ಹೊತ್ತಿಗೆ ಅವರು ಹೇಳಿದ್ದು ಸರಿಯೇ ಎನ್ನಿಸಿತು. ಹೊತ್ತೂ ತಪ್ಪು, ಜಾಗವೂ ತಪ್ಪು.

ಅದು ಹುಣಸೆ ಬಡಿಯುವ ಕಾಲ. ಮಧ್ಯಾಹ್ನ ಸಾಹುಕಾರ್ತಿಯ ಹಿತ್ತಲಿನ ಬೇವಿನ ನೆರಳಲ್ಲಿ ಹೆಂಗಸರೆಲ್ಲ ಕೂಡಿ ಹುಣಸೆಹಣ್ಣಿನ ಓಡು ತೆಗೆದು ಬೀಜ ಬಿಡಿಸುತ್ತಿದ್ದರು. ನಾನು ಹೋಗಿ ಸಾಹುಕಾರ್ತಿಯ ಮುಂದೆ ಕೈಮುಗಿದೆ. ತರಗತಿಯನ್ನು ಇಲ್ಲಿಗೆ, ಈ ಹೊತ್ತಿಗೆ ತರುತ್ತೇನೆ, ಬೋರ್ಡು ತರುವುದಿಲ್ಲ, ಬರೀ ಮಾತು ಎಂದೆ. ಅವರು ನನ್ನ ಕೈಗೊಂದು ಬಡಿಗೆ ಕೊಟ್ಟು “ಕುಂದ್ರು, ಬಡಿ” ಎಂದರು. ಒಪ್ಪಿಗೆ ಸಿಕ್ಕಿತೆಂದು ಅರ್ಥ.

ಕೈ ಕೆಲಸದಲ್ಲಿದ್ದರೆ ಕಣ್ಣು ಕೆಳಗಿರುತ್ತದೆ, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಇದು ಒಳ್ಳೆಯದೇ ಎಂದುಕೊಂಡು, ಯಾವುದೋ ತರಬೇತಿಯಲ್ಲಿ ಕಲಿತ ಪ್ರಶ್ನೆಯನ್ನು ಎಸೆದೆ: “ನಿಮ್ಮವರು ಯಾರಾದರೂ ತೀರಿಕೊಂಡದ್ದು ನೆನಪಾದರೆ ನಿಮಗೆ ಏನನ್ನಿಸ್ತೈತಿ?” ಬಡಿಗೆಗಳು ನಿಂತವು. ನಮ್ಮಲ್ಲಿ ಕುರಿ ಸಾಕುವ ಮನೆಯಾಕೆಯೊಬ್ಬಳಿದ್ದಳು, ಮೊಮ್ಮಕ್ಕಳನ್ನು ಕಂಡವಳು. ಎಲ್ಲರೂ ಅವಳನ್ನು ಕುರಿಯಾಕಿ ಎಂದೇ ಕರೆಯುತ್ತಿದ್ದರು. ಅವಳು ನಿಟ್ಟುಸಿರು ಬಿಟ್ಟು “ನನಗ ಬೆನ್ನು ನೋಯ್ತೈತಿ ಅನ್ನಿಸ್ತೈತಿ” ಎಂದಳು. ಎಲ್ಲರೂ ನಕ್ಕರು. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ.

ಮರುದಿನ ಬೇರೆ ದಾರಿ ಹಿಡಿದೆ. “ನಿಮ್ಮ ಮನಿಯಾಗ ಸಾವಾದಾಗ ಮಕ್ಕಳಿಗೆ ಏನು ಹೇಳಿದ್ರಿ?” ಎಂದೆ. ಇದಕ್ಕೆ ಉತ್ತರಗಳಿದ್ದವು. ಒಬ್ಬರು ಮಲಗ್ಯಾರ ಎಂದಿದ್ದರಂತೆ, ಒಬ್ಬರು ಚುಕ್ಕಿ ಆಗ್ಯಾರ ಎಂದಿದ್ದರಂತೆ. ಒಬ್ಬಾಕೆಯಂತೂ ಏನೂ ಹೇಳದೆ ಬೆಲ್ಲ ಕೊಟ್ಟಿದ್ದಳಂತೆ. ಮಾತು ಸಾಗುತ್ತಿದ್ದಂತೆ ಸಾಹುಕಾರ್ತಿ ಗಂಡನನ್ನು ನೆನೆದು ಹಾಡ್ಯಾಡಿ ಅಳತೊಡಗಿದರು. ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿನ ಧಾಟಿಯಲ್ಲಿ ಅಳುವುದು ನಮ್ಮ ಕಡೆಯ ಹೆಂಗಸರಿಗೆ ತಾಯಿಯಿಂದ ಬಂದ ವಿದ್ಯೆ. ಒಬ್ಬರ ಹಿಂದೆ ಒಬ್ಬರು ಸೇರಿಕೊಂಡರು. ಅಜ್ಜಿಯೂ ಸೊಸೆಯನ್ನು ಕರೆದು ಕರೆದು ಅತ್ತಳು. ಮಣ್ಣು ಮಾಡಿದ ದಿನದ ನಂತರ ಅವಳ ಗಂಟಲು ಬಿಟ್ಟದ್ದು ಆವತ್ತೇ. ನಾನು ಬೀಗುತ್ತಾ ಬಸ್ಸು ಹತ್ತಿದೆ.

ಗೋಡೆಯಾಚೆ ಆಡುತ್ತಿದ್ದ ಮಗುವಿಗೆ ಈ ಅಳು ಕೇಳಿತ್ತು. ಯಾಕೆ ಅಳುತ್ತಿದ್ದೆ ಎಂದು ಮನೆಯಲ್ಲಿ ಅಜ್ಜಿಯನ್ನು ಕೇಳಿತು. ತಾನು ಹೇಳಿದ ಉತ್ತರವನ್ನು ಅಜ್ಜಿ ಮರುದಿನ ನಮ್ಮ ಮುಂದೆ ತಲೆತಗ್ಗಿಸಿ ಒಪ್ಪಿಸಿದಳು: “ಹುಣಸಿ ಧೂಳು ಕಣ್ಣಾಗ ಬಿತ್ತು ಅಂದೆ.” ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ನನ್ನ ಪಾಠ. ಅಳುವುದು ಬೇರೆ, ಹೇಳುವುದು ಬೇರೆ ಎಂಬುದು ಆಗ ತಿಳಿಯಿತು. ಅಳಲು ಇವರಿಗೆ ನನ್ನ ಅಗತ್ಯವೇ ಇರಲಿಲ್ಲ. ಮಗುವಿನ ಮುಂದೆ ಕುಳಿತು ಹೇಳುವುದಕ್ಕೆ ಅವರಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಅಭ್ಯಾಸವಿಲ್ಲದಿದ್ದರೆ ಮಾಡಿಸಬೇಕು. “ನಾಳೆಯಿಂದ ಬ್ಯಾಂಕಿನ ಆಟದ ಹಾಗೆ ಇದನ್ನೂ ಆಡೋಣ. ಒಬ್ಬರು ಮಗು, ಒಬ್ಬರು ಅಜ್ಜಿ” ಎಂದೆ.

ಹೆಂಗಸರು ಹೌಹಾರಿದರು. ಸಾವನ್ನು ಆಟವಾಡುವುದುಂಟೇ? ಆಡಿದ್ದು ನಿಜವಾದರೆ? ಮೇಲೆ ಅಸ್ತು ಅನ್ನುವ ದೇವತೆಗಳು ತಿರುಗುತ್ತಿರುತ್ತಾರೆ. ನಾನು ವಾದಕ್ಕೆ ಸೊಂಟ ಕಟ್ಟುವಷ್ಟರಲ್ಲಿ ಸಾಹುಕಾರ್ತಿಯೇ ದಾರಿ ತೆಗೆದರು. “ಆಟದ ಮೊದಲು ಎಲ್ಲಾರು ವಿಭೂತಿ ಹಚ್ಚಿಕೊಳ್ರಿ. ಮುಗದ ಮ್ಯಾಲೆ ಮಣ್ಣಿಗೆ ಹೋಗಿ ಬಂದವರಂಗ ಕೈಕಾಲು ಮಕ ತೊಳಕೊಂಡು ಮನಿಗೆ ಹೋಗ್ರಿ. ಆಗ ಇಲ್ಲಿದು ಇಲ್ಲೇ ಉಳೀತೈತಿ.” ನಾನು ತುಟಿಪಿಟಕ್ಕೆನ್ನದೆ ಹಣೆಯೊಡ್ಡಿದೆ. ಅಂದಿನಿಂದ ಅದೇ ನಿಯಮ. ಹಿತ್ತಲಿನ ಬಾಗಿಲಲ್ಲಿ ಒಂದು ಕೊಡ ನೀರು ಕಾಯಂ ಆಯಿತು.

ಕುರಿಯಾಕಿ ಮಗುವಾದಳು. ಕಾಲು ಚಾಚಿ, ತುಟಿ ಮುಂದೆ ಮಾಡಿ ಕುಳಿತಳು. ಸಾಹುಕಾರ್ತಿ ಅವಳ ಎದುರು ಕುಳಿತು ಗಂಭೀರವಾಗಿ ಶುರು ಮಾಡಿದರು.

“ನಿಮ್ಮವ್ವ ಶಿವನ ಹತ್ರ ಹೋಗ್ಯಾಳವ್ವ.”

“ಶಿವನ ಊರಿಗೆ ಯಾವ ಬಸ್ಸು?”

“ಬಸ್ಸು ಹೋಗಾಂಗಿಲ್ಲ.”

“ಮತ್ತ ಅವ್ವ ಹೆಂಗ ಹೋದಳು? ನಡಕೋಂತ ಹೋಗಿದ್ರ ನಾನೂ ನಡೀತೀನಿ. ನಡೀ, ಚಪ್ಪಲ್ ಹಾಕ್ಕೊ.”

ಸಾಹುಕಾರ್ತಿ ಕಕ್ಕಾಬಿಕ್ಕಿಯಾದರು. ಮಲಗಿದ್ದಾಳೆ ಎಂದವಳಿಗೆ “ಎಬ್ಬಸು” ಎಂಬ ಉತ್ತರ ಸಿಕ್ಕಿತು. ಚುಕ್ಕಿಯಾಗಿದ್ದಾಳೆ ಎಂದವಳಿಗೆ “ಹಗಲಿಗೆ ಎಲ್ಲಿರ್ತಾಳ? ಅಲ್ಲಿ ಉಣ್ಣಾಕ ಯಾರು ಹಾಕ್ತಾರ?” ಎಂಬ ಪ್ರಶ್ನೆ ಬಂತು. ಹುಣಸೆಯ ರಾಶಿಯ ಸುತ್ತ ಬಿದ್ದು ಬಿದ್ದು ನಕ್ಕೆವು. ಅಜ್ಜಿಯೂ ನಕ್ಕಳು, ನಗುತ್ತಲೇ “ಅಯ್ಯೋ ಪಾಪಂ, ನಮ್ಮ ಕೂಸು ಬರಾಬರ್ ಹಿಂಗ ಕೇಳ್ತೈತಿ” ಎಂದು ಸೆರಗಿನಿಂದ ಕಣ್ಣೊತ್ತಿಕೊಂಡಳು.

ಆಗ ನಾನು ಹೇಳಿದೆ. ಹೋಗಿದ್ದಾಳೆ ಎಂದರೆ ಮಗು ಕಾಯುತ್ತದೆ, ಮಲಗಿದ್ದಾಳೆ ಎಂದರೂ ಕಾಯುತ್ತದೆ. ಸತ್ತಿದ್ದಾಳೆ ಎಂದೇ ಹೇಳಬೇಕು. ಮತ್ತೆ ಗದ್ದಲವಾಯಿತು. ದನಕ್ಕೆ ಹಾಗನ್ನುತ್ತಾರೆ, ಬಾಳಿ ಬದುಕಿದ ಹೆಣ್ಣುಮಗಳಿಗೆ ಅನ್ನುತ್ತಾರೆಯೇ ಎಂದು ಅಜ್ಜಿಗೆ ಸಿಟ್ಟೇ ಬಂತು. ಕುರಿಯಾಕಿ ಮಾತ್ರ ನನ್ನ ಕಡೆ ವಾಲಿದಳು. ಆ ಮಗು ಅವರ ಹಟ್ಟಿಗೆ ಮರಿಗಳೊಂದಿಗೆ ಆಡಲು ಬರುತ್ತಿತ್ತು. ಒಮ್ಮೆ ಒಂದು ಮರಿ ಸತ್ತಾಗ ಇನ್ನು ಏಳುವುದಿಲ್ಲವೇ ಎಂದು ಕೇಳಿ, ಇಲ್ಲವೆಂದಾಗ ಸ್ವಲ್ಪ ಅತ್ತು, ಮರಿಯ ಮೇಲೆ ತಾನೂ ಒಂದು ಹಿಡಿ ಮಣ್ಣು ಹಾಕಿತ್ತಂತೆ. “ಆ ಮಾತು ಕೂಸಿಗೆ ಗೊತ್ತೈತಿ ಯಕ್ಕಾ. ನಮಗಽ ಅಂಜಿಕಿ” ಎಂದಳು. ಅಜ್ಜಿ ಬಹಳ ಹೊತ್ತು ಬೀಜ ಬಿಡಿಸಿದಳು. ಆಮೇಲೆ “ಸರೇ” ಎಂದಳು.

ಒಪ್ಪುವುದು ಸುಲಭ, ಹೇಳುವುದು ಕಷ್ಟ. ದಿನವೂ ಅಜ್ಜಿಯ ಸರದಿ ಬರುತ್ತಿತ್ತು. ದಿನವೂ “ನಿಮ್ಮವ್ವ...” ಎಂದು ನಿಂತುಬಿಡುತ್ತಿದ್ದಳು. ನಾನು ಮಾತು ಎತ್ತಿಕೊಟ್ಟೆ, ತುಂಡು ತುಂಡು ಮಾಡಿ ಕೊಟ್ಟೆ, ಒಮ್ಮೆ ರೇಗಿಯೂ ಬಿಟ್ಟೆ. ಏನೂ ಆಗಲಿಲ್ಲ. ಹುಣಸೆ ಮುಗಿಯುತ್ತ ಬಂದಿತ್ತು, ಬೇವಿನಲ್ಲಿ ಹೂ ಕಾಣಿಸಿಕೊಂಡಿತ್ತು. ಯುಗಾದಿ ಹತ್ತಿರವಾದಷ್ಟೂ ನನಗೆ ನಿದ್ದೆ ಕೆಡುತ್ತಿತ್ತು. ಮಗು ಆಗಲೇ ರಸ್ತೆಯ ಬದಿಗೆ ಬಂದು ನಿಲ್ಲಲು ಶುರುಮಾಡಿತ್ತು.

ಒಂದು ಮಧ್ಯಾಹ್ನ ಅಜ್ಜಿ ಎಂದಿನಂತೆ “ನಿಮ್ಮವ್ವ...” ಎಂದು ನಿಂತಳು. ಎದುರಿಗೆ ಮಗುವಾಗಿ ಕುಳಿತಿದ್ದ ಕುರಿಯಾಕಿ ಸಾಮಾನ್ಯವಾಗಿ ಏನಾದರೂ ಕೀಟಲೆ ಮಾಡುತ್ತಿದ್ದಳು. ಆವತ್ತು ತನ್ನ ಅಂಗೈ ನೋಡಿಕೊಳ್ಳುತ್ತ ಮೆಲ್ಲಗೆ ಕೇಳಿದಳು.

“ನಾ ಅವತ್ತು ಹಠ ಮಾಡಿ ರೊಟ್ಟಿ ಬಿಸಾಕಿದ್ನಲ್ಲ. ಅದಕ್ಕ ಸತ್ತಳೇನು?”

ಅಜ್ಜಿಯ ಮೊಮ್ಮಗಳು ರೊಟ್ಟಿ ಬಿಸಾಡಿದ ಮಾತನ್ನು ನಾವ್ಯಾರೂ ಕೇಳಿರಲಿಲ್ಲ. ಅದು ಆ ಮಗುವಿನ ರೊಟ್ಟಿಯೂ ಆಗಿರಲಿಲ್ಲ. ಕುರಿಯಾಕಿಯ ತಾಯಿ ಇವಳು ಚಿಕ್ಕವಳಿದ್ದಾಗ ತೀರಿಹೋಗಿದ್ದಳು. ಆ ರೊಟ್ಟಿಯನ್ನು ಎದೆಯಲ್ಲಿಟ್ಟುಕೊಂಡೇ ಅವಳು ಮದುವೆಯಾಗಿ, ಮಕ್ಕಳನ್ನು ಹೆತ್ತು, ಮೊಮ್ಮಕ್ಕಳನ್ನು ಕಂಡಿದ್ದಳು. ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ.

ಅಜ್ಜಿ ಮುಂದೆ ಸರಿದು, ಹುಣಸೆ ಮೆತ್ತಿದ ಎರಡೂ ಕೈಗಳಿಂದ ಅವಳ ಮುಖ ಹಿಡಿದಳು. “ಇಲ್ಲಲೇ ಹುಚ್ಚಿ. ಕೂಸು ರೊಟ್ಟಿ ಬಿಸಾಕಿದ್ರ ಯಾವ ತಾಯಿ ಸಾಯ್ತಾಳ? ನಿಮ್ಮವ್ವಗ ಜಡ್ಡು ಬಂದಿತ್ತು. ಜಡ್ಡಿಲೆ ಸತ್ತಾಳ. ನಿನ್ನಿಂದ ಏನೂ ಆಗಿಲ್ಲ. ನಿನ್ನ ಮ್ಯಾಲೆ ಆಕಿಗೆ ಸಿಟ್ಟಿರಲಿಲ್ಲ, ಜೀವ ಇತ್ತು.”

ಕುರಿಯಾಕಿ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಹಾಡಿಲ್ಲ, ಧಾಟಿಯಿಲ್ಲ, ಮಗುವಿನ ಅಳು. ನನಗೂ ತಡೆಯಲಾಗಲಿಲ್ಲ. ಪಾಠ ಹೇಳುವವಳು ಅಳಬಾರದೆಂದು ಎಲ್ಲಿಯೂ ಬರೆದಿಲ್ಲವಲ್ಲ. ಎಲ್ಲರೂ ಮುಖ ತೊಳೆದುಕೊಂಡು ಹೊರಡುವಾಗ ಅಜ್ಜಿ ನನ್ನ ಹತ್ತಿರ ಬಂದು, “ಮಾತು ಹೊರಗ ಬಂತು ನೋಡವ್ವ” ಎಂದಳು, ತಾನೇ ಬೆರಗಾದವಳ ಹಾಗೆ.

ಮಗುವಿಗೆ ಹೇಳುವಾಗ ಯಾರೂ ಇರಕೂಡದೆಂದು ಅಜ್ಜಿ ಬಯಸಿದಳು. ನಡೆದದ್ದನ್ನು ಮಾರನೆಯ ದಿನ ನಮಗೆ ಹೇಳಿದಳು. ಬೆಳಗಿನ ಬಿಸಿಲಲ್ಲಿ ಹೊಸ್ತಿಲ ಮೇಲೆ ಕೂರಿಸಿಕೊಂಡು, ಕೈ ಹಿಡಿದುಕೊಂಡು ಹೇಳಿದಳಂತೆ. ನಿಮ್ಮವ್ವ ಸುಗ್ಗಿಗೆ ಹೋಗಿಲ್ಲ ಬಂಗಾರ, ಸತ್ತಾಳ, ಜಡ್ಡು ಬಂದಿತ್ತು, ನಿನ್ನಿಂದ ಏನೂ ಆಗಿಲ್ಲ, ಹೇಳಾಕ ಅಂಜಿ ನಾವು ಸುಳ್ಳು ಹೇಳಿದ್ವಿ. ಮಗು ಮೊದಲು ನಂಬಲಿಲ್ಲ. ಮರಿ ಸತ್ತಂಗೇನು ಎಂದು ಕೇಳಿತು, ಹೌದೆಂದಾಗ ಅಜ್ಜಿಯನ್ನು ಗುದ್ದಿತು, ಕಿರುಚಿತು, ಊಟ ಮುಟ್ಟಲಿಲ್ಲ. ಅಜ್ಜಿ ಹೊಡೆಸಿಕೊಂಡು ಪಕ್ಕದಲ್ಲೇ ಕುಳಿತಿದ್ದಳು. ಸಂಜೆಯ ಹೊತ್ತಿಗೆ ತಾನಾಗಿಯೇ ಮಡಿಲಿಗೆ ಬಂದು, ಎರಡು ತುತ್ತು ಉಂಡು, ನಾವು ಯಾರೂ ಆಟದಲ್ಲಿ ಕೇಳದಿದ್ದ ಒಂದು ಪ್ರಶ್ನೆ ಕೇಳಿತು.

“ಅಪ್ಪಗ ಯಾರು ಹೇಳಿದ್ರು?”

ಇನ್ನು ಸುಳ್ಳು ಹೇಳಲು ಅಜ್ಜಿಗೆ ಮನಸ್ಸಾಗಲಿಲ್ಲ. ಯೋಚಿಸಿ ನೋಡಿದರೆ ಅವನನ್ನು ಕೂರಿಸಿಕೊಂಡು ಯಾರೂ ಏನೂ ಹೇಳಿರಲಿಲ್ಲ. ಹೆಗಲು ಕೊಡು ಎಂದರು, ಕೊಟ್ಟ. ಮಣ್ಣು ಹಾಕು ಎಂದರು, ಹಾಕಿದ. ಮೊದಲೇ ದವಾಖಾನೆಗೆ ಕರೆದೊಯ್ಯಬೇಕಿತ್ತೆಂದು ಒಂದೇ ಒಂದು ಸಲ ಅಂದವನು ಬಾಯಿ ಮುಚ್ಚಿಕೊಂಡು ಲಾರಿ ಹತ್ತಿದ. “ಯಾರೂ ಹೇಳಿಲ್ಲವ್ವ” ಎಂದಳಂತೆ ಅಜ್ಜಿ.

“ಹಂಗಾರ ನಾ ಹೇಳ್ತೀನಿ.”

ಹಿತ್ತಲಿನಲ್ಲಿ ನಮಗೆ ಇದನ್ನು ಹೇಳಿ ಮುಗಿಸಿ, “ಬ್ಯಾಡ ಅನ್ನಲೇನು ಟೀಚರಮ್ಮ? ಫೋನ್ ಮಾಡಿ ಅವಗ ಮೊದಲಽ ತಿಳಸಲೇನು?” ಎಂದು ಅಜ್ಜಿ ನನ್ನ ಮುಖ ನೋಡಿದಳು. ನನಗೂ ಭಯವಾಯಿತು. ಆದರೂ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಸರಿಯೆನಿಸಲಿಲ್ಲ. “ಹೇಳಲಿ ಬಿಡ್ರಿ. ನಾವೆಲ್ಲ ಹತ್ತಿರ ನಿಂತಿರೋಣ” ಎಂದೆ.

ಲಾರಿ ಬಂದದ್ದು ಬೆಳಿಗ್ಗೆ, ಸುದ್ದಿ ತಿಳಿದು ಬೇಗನೆ ಹೊರಟ ನಾನು ಬಸ್ಸಿಳಿದ ಸ್ವಲ್ಪ ಹೊತ್ತಿಗೆ. ಊರಿನ ಮಕ್ಕಳೆಲ್ಲ ಕೂಗುತ್ತ ಅದರ ಹಿಂದೆ ಓಡಿದರು. ಗಂಟುಗಳು ಇಳಿದವು, ಮೆಣಸಿನಕಾಯಿ ಚೀಲಗಳು ಇಳಿದವು, ತಾಯಂದಿರು ಇಳಿದು ಮಕ್ಕಳನ್ನು ಎತ್ತಿಕೊಂಡರು. ಅಜ್ಜಿಯ ಮಗ ಕೊನೆಗೆ ಇಳಿದ. ಸೊರಗಿ ಕಡ್ಡಿಯಾಗಿದ್ದ. ಮಗಳು ಎದುರಿಗೆ ನಿಂತಿದ್ದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೇ ಇರಬೇಕು, ಅವಳ ಮುಖ ನೋಡದೆ ಒದರಿಬಿಟ್ಟ. “ನಿಮ್ಮವ್ವ... ಹಿಂದಿನ ಲಾರಿಯಾಗ...”

“ಅಪ್ಪಾ, ಕುಂದ್ರು” ಎಂದಳು ಮಗಳು.

ಅವನು ತಾಯಿಯ ಕಡೆ ನೋಡಿದ. ಅಜ್ಜಿ ಕುಂದ್ರು ಎಂಬಂತೆ ತಲೆಯಾಡಿಸಿದಳು. ಅವನು ಗಂಟಿನ ಮೇಲೆ ಕುಳಿತ. ಮಗು ಅವನ ಎರಡೂ ಕೈಗಳನ್ನು ಹಿಡಿದುಕೊಂಡಿತು.

“ಅಪ್ಪಾ, ಅವ್ವ ಸತ್ತಾಳ. ಜಡ್ಡು ಬಂದಿತ್ತು. ನಿನ್ನಿಂದ ಏನೂ ಆಗಿಲ್ಲ.”

ಅವನ ಬಾಯಿಂದ ಒಂದು ದನಿ ಬಂತು. ಹೆಗಲ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಹಾಗೆಯೇ ಮುಂದಕ್ಕೆ ಬಾಗಿಬಿಟ್ಟ. ಎತ್ತಲು ಹೋದ ಗಂಡಸರನ್ನು ಸಾಹುಕಾರ್ತಿ ಕೈ ಅಡ್ಡ ಮಾಡಿ ತಡೆದರು. ಮಗಳು ಹೆದರಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟುಕೊಂಡು, ಅಲ್ಲಿ ನಿಂತಿದ್ದ ನಮಗೆಲ್ಲ ಕೇಳುವಂತೆ ಹೇಳಿದಳು.

“ಅಳು ಅಪ್ಪಾ, ಏನೂ ಆಗಾಂಗಿಲ್ಲ. ನಾನೂ ಅತ್ತೀನಿ. ಆಮ್ಯಾಲೆ ಹಸಿವಾಗ್ತೈತಿ, ಇಬ್ಬರೂ ಉಣ್ಣೋಣು.”